ಉಪ್ಪು ಕೇಳುವ ಕಾಯಿಲೆ

ಸೊಸೆ ಹಂಸಾ ಮನಶ್ಶಾಸ್ತ್ರದ ಆನ್‌ಲೈನ್ ಕೋರ್ಸಿಗೆ ಸೇರಿದ ಮೇಲೆ ವಿಜಯವಾಡದ ಆ ಮನೆಯಲ್ಲಿ ಆರೋಗ್ಯವಂತರೇ ಉಳಿಯಲಿಲ್ಲ. ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡೆರಡು ಸಲ ನೋಡುವ ಗಂಡ ನಂದನ್‌ಗೆ ಗೀಳು. ಲಿಫ್ಟ್ ಹತ್ತಲೊಲ್ಲದ ಪಕ್ಕದ ಮನೆ ಗಿರಿಜಮ್ಮನಿಗೆ ಭೀತಿ. ಮಾವ ವೆಂಕಟರಮಣಯ್ಯನವರ ವಿಷಯದಲ್ಲಿ ಮಾತ್ರ ಅವಳು ತಾಳಿಕೊಂಡಿದ್ದಳು. ಸತ್ತವರಿಗಾಗಿ ಕೊರಗಲು ಅವಳ ಪುಸ್ತಕ ಒಂದು ವರ್ಷದ ರಿಯಾಯಿತಿ ಕೊಟ್ಟಿತ್ತು.

ರತ್ನಮ್ಮ ತೀರಿಕೊಂಡ ಮೇಲೆ ವೆಂಕಟರಮಣಯ್ಯನವರು ವಿಶಾಖಪಟ್ಟಣದ ಪೆಂಡುರ್ತಿಯ ಮನೆಗೆ ಬೀಗ ಹಾಕಿ ಮಗನಲ್ಲಿಗೆ ಬಂದಿದ್ದರು. ದೇವರ ನೈವೇದ್ಯದ ಅಡುಗೆ ಅವರದೇ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ರತ್ನಮ್ಮ ಕುದಿಯುವ ವಾಸನೆಯಲ್ಲೇ ಉಪ್ಪು ಹಿಡಿಯುತ್ತಿದ್ದಳು. ಇವರಿಗೆ ಆ ವಿದ್ಯೆ ಬಾರದು. ಸೌಟು ಹಿಡಿದು ಅವಳ ಪಟದ ಕಡೆ ತಿರುಗಿ, “ಉಪ್ಪು ಸಾಕೇನೇ?” ಎನ್ನುವರು. ಕೊಂಚ ಹೊತ್ತು ಕಾಯುವರು. ಆಮೇಲೆ ಒಂದು ಚಿಟಿಕೆ ಹಾಕುವರು, ಇಲ್ಲವೆ ಬಿಡುವರು.

ಇಂಗ್ಲಿಷ್ ತಾರೀಕಿಗೆ ವರ್ಷ ತುಂಬಿದ ಬೆಳಿಗ್ಗೆ ಹಂಸಾ ಹೇಳಿದಳು: “ಮಾವ, ಇನ್ನೂ ಅತ್ತೆ ಹತ್ರ ಮಾತಾಡ್ತಿದ್ದೀರಿ. ಇದಕ್ಕೊಂದು ಹೆಸರಿದೆ.”

“ಇದೆಯಲ್ಲಮ್ಮ. ರತ್ನಮ್ಮ ಅಂತ.”

ನಂದನ್ ನಗಲಿಲ್ಲ. “ಡಾಕ್ಟರು ನೋಡೋವರೆಗೂ ವೈಜಾಗ್ ಬೇಡಪ್ಪ. ಅಮ್ಮನ ವರ್ಷಾಂತಿಕ ಇಲ್ಲೇ ಯಾವುದಾದ್ರೂ ಮಠದಲ್ಲಿ ಮಾಡಿಬಿಡೋಣ.”

ವೆಂಕಟರಮಣಯ್ಯನವರು ಪಟದ ಕಡೆ ನೋಡಿದರು. ಜೀವಮಾನವೆಲ್ಲ ಊರಿಗೆಲ್ಲ ಬಡಿಸಿದವಳಿಗೆ ಅವಳ ಅಡುಗೆಮನೆಯ ಎದುರು ಒಂದು ಎಲೆ ಹಾಕುವ ಭಾಗ್ಯವೂ ತಪ್ಪುವುದೇ? ಸಿಂಹಾಚಲದ ಅಪ್ಪನ್ನಸ್ವಾಮಿಯನ್ನು ನೆನೆಯುತ್ತ ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

ಡಾಕ್ಟರ್ ಲಕ್ಷ್ಮೀಪ್ರಸನ್ನ ತೆಲುಗಿನವರು. ಹಂಸಾ ಲಕ್ಷಣಗಳನ್ನು ಒಪ್ಪಿಸಿದಳು: ದೇವಸ್ಥಾನದ ಮೆಟ್ಟಿಲು ಹತ್ತುವುದಿಲ್ಲ, ಮದುವೆಮನೆಗೆ ಬರುವುದಿಲ್ಲ, ಹಬ್ಬಕ್ಕೆ ಹೋಳಿಗೆ ಮುಟ್ಟಲಿಲ್ಲ, ಪಟದೊಡನೆ ಮಾತು, ಅವಧಿಯೂ ಮುಗಿದಿದೆ.

“ಬಾಬಾಯ್‌ಗಾರು, ಊಟ, ನಿದ್ದೆ?” ಎಂದರು ಡಾಕ್ಟರು.

“ಎರಡೂ ಉಂಟಮ್ಮ.”

“ಅವರು ಉತ್ತರ ಕೊಡ್ತಾರಾ?”

“ಮೊದಲೂ ಕೊಡ್ತಿರಲಿಲ್ಲ. ಅವಳಿಗೆ ಕೆಲಸ ಇರ್ತಿತ್ತು.”

“ಸಂವತ್ಸರೀಕಂ, ಅದೇ ವರ್ಷಾಂತಿಕ, ಆಯ್ತಾ?”

“ಎಲ್ಲಿ? ಈ ಸಲ ಅಧಿಕ ಶ್ರಾವಣ ಬಂತಲ್ಲ. ತಿಥಿ ಮುಂದಕ್ಕೆ ಹೋಯ್ತು.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಹಂಸಾಗಾರು, ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ದುಃಖ ಅವರವರ ಆಚಾರವನ್ನು ಮೀರಿದರೆ ಮಾತ್ರ ಕಾಯಿಲೆ. ಇವರಿಗೆ ಇನ್ನೂ ವರ್ಷವೇ ಆಗಿಲ್ಲ. ಗುಡಿ, ಮದುವೆ, ಹೋಳಿಗೆ ಎಲ್ಲ ವರ್ಷ ಕಳೆಯೋವರೆಗೆ ನಮ್ಮಮ್ಮನೂ ಬಿಟ್ಟಿದ್ದಳು. ತಿಥಿಗೆ ಊರಿಗೆ ಕರೆದುಕೊಂಡು ಹೋಗಿ.”

ಅಧಿಕಮಾಸ ಹಂಸಾಳ ಕೋರ್ಸಿನಲ್ಲಿ ಇರಲಿಲ್ಲ. ದಾರಿಯುದ್ದಕ್ಕೂ ಅವಳು ಯಾರಿಗೂ ಯಾವ ಕಾಯಿಲೆಯನ್ನೂ ಹೇಳಲಿಲ್ಲ.

ತಿಥಿಯ ದಿನ ಪೆಂಡುರ್ತಿಯ ಮನೆಯಲ್ಲಿ ಹಂಸಾ ಮಡಿಯುಟ್ಟು ಒಲೆಯ ಮುಂದೆ ನಿಂತಳು. ಶ್ರಾದ್ಧದ ಅಡುಗೆ, ನಾಲಗೆಗೆ ತಾಗಿಸುವಂತಿಲ್ಲ. ನಡುಮನೆಯಲ್ಲಿ ನಂದನ್ ಬೆರಳಿಗೆ ದರ್ಭೆಯ ಪವಿತ್ರ ಧರಿಸಿ ಪುರೋಹಿತರೆದುರು ಕುಳಿತಿದ್ದ, ಬಳಿಯಲ್ಲೇ ವೆಂಕಟರಮಣಯ್ಯನವರು. ಹುಳಿ ಕುದಿಯುತ್ತಿತ್ತು. ಮುಷ್ಟಿಯಲ್ಲಿ ಉಪ್ಪು ಹಿಡಿದುಕೊಂಡು ಹಂಸಾ ಬಾಗಿಲಿಗೆ ಬಂದು, ಗೋಡೆಯ ಪಟವನ್ನು ನೋಡಿ ತಗ್ಗಿದ ದನಿಯಲ್ಲಿ ಕೇಳಿದಳು:

“ಅತ್ತೆ, ಇಷ್ಟು ಸಾಕಾ?”

“ಯಾರ ಹತ್ರನೇ ಮಾತು?” ಎಂದ ನಂದನ್.

“ನೀವು ಮಂತ್ರ ಹೇಳ್ರೀ.”

ಅವಳು ಅವಸರದಿಂದ ಒಲೆಯ ಕಡೆ ತಿರುಗಿದಳು. ವೆಂಕಟರಮಣಯ್ಯನವರು ತಲೆಯೆತ್ತದೆ ಹೇಳಿದರು:

“ಸ್ವಲ್ಪ ಹೊತ್ತು ಕಾಯಬೇಕಮ್ಮ.”