ಸುಡುಪೆಟ್ಟಿಗೆ

"ಯಾವ ಮುಂಡೆ ಎಳೆದಿದ್ದು ಈ ವೈರು?"

ಎಂಜಿನಿಯರ್ ಕೂಗಿದ. ಕಿತ್ತ ಪ್ಲಗ್ಗು ಅವನ ಕೈಯಲ್ಲಿ ನೇತಾಡುತ್ತಿತ್ತು. ಸೋಲಾರ್ ಹಲಗೆ ತೊಳೆಯುತ್ತಿದ್ದ ಹೆಂಗಸರೆಲ್ಲ ಬಕೆಟ್ಟು ಕೆಳಗಿಟ್ಟರು.

"ನಾನೇ ಸಾರ್," ಎಂದಳು ಏಣಿ. ಹಲಗೆಯ ಮೇಲಂಚಿಗೂ ಕೈ ಎಟುಕುವಷ್ಟು ಉದ್ದಕ್ಕಿದ್ದಳೆಂದು ಆ ಹೆಸರು; ಹೆತ್ತವರು ಇಟ್ಟದ್ದು ಯಾರಿಗೂ ನೆನಪಿರಲಿಲ್ಲ. "ಅತ್ತೆಗೆ ಉಸಿರಾಡೋ ಮಷೀನು. ಆಸ್ಪತ್ರೇಲಿ ಕೊಟ್ರು. ನಮ್ಮ ಶೆಡ್ಡಲ್ಲಿ ಕರೆಂಟಿಲ್ವಲ್ಲ ಸಾರ್."

"ಅದಕ್ಕೆ ಕದಿಯೋದಾ? ನಿಮ್ಮಪ್ಪಂದಾ ಕರೆಂಟು?"

"ಬೆರಳು ತೋರಿಸಿದ್ರೆ ಹಸ್ತ ನುಂಗೋ ಜನ ಸಾರ್ ಇವ್ರು," ಎಂದ ಮೇಸ್ತ್ರಿ. ಬೆಳಿಗ್ಗೆ ಪ್ಲಗ್ಗು ಹಾಕಲು ಜಾಗ ತೋರಿಸಿದ್ದವನು ಅವನೇ.

ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು. ಪಕ್ಕದಲ್ಲಿ ಸುಡುಪೆಟ್ಟಿಗೆ ಬೊಬ್ಬಿಡುತ್ತಿತ್ತು. ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಒಳಗೆ ಕೆಂಪಗೆ ಕಾದ ತಂತಿಗಳು, ಹಿಂದೆ ರಾಕ್ಷಸ ಫ್ಯಾನು. ರಜೆಯ ದಿನ ನಡುಮಧ್ಯಾಹ್ನ ಬಿಸಿಲು ಜಾಸ್ತಿ, ಊರಿಗೆ ಕರೆಂಟು ಬೇಡ. ಮಿಕ್ಕಿದ್ದನ್ನೆಲ್ಲ ಈ ಪೆಟ್ಟಿಗೆಗೆ ಹಾಕಿ ಸುಟ್ಟು ಗಾಳಿಗೆ ಬಿಡುತ್ತಿದ್ದರು. ಹಾಳಾಗುವ ಬಿಸಿಗಾಳಿಯಲ್ಲವೇ ಎಂದು ಹೆಂಗಸರು ಅದರ ಮುಂದೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು, ತಂಗಳನ್ನದ ಪಾತ್ರೆಯನ್ನೂ ಇಡುತ್ತಿದ್ದರು. ಅವರ ಪಾಲಿಗೆ ಬಂದ ಕರೆಂಟು ಅಷ್ಟೇ.

"ಸುಡೋದ್ರಲ್ಲಿ ಒಂಚೂರು ಕೊಡಿ ಸಾರ್. ಹಗಲು ಹೊತ್ತಲ್ಲಿ ಸಾಕು."

"ಹೆಚ್ಚಾಗಿದ್ದನ್ನ ಸುಡ್ತೀವೋ, ಚೆಲ್ತೀವೋ, ನಮ್ಮಿಷ್ಟ. ನಿಮ್ಗೆ ಕೊಡೋಕೆ ರೂಲ್ಸಿಲ್ಲ." ಎಂಜಿನಿಯರ್ ಹಗ್ಗವನ್ನು ಜಗ್ಗಿ ಕಿತ್ತ. ಅತ್ತೆಯ ಹೊದಿಕೆ, ಸೀರೆಗಳು ಹಲಗೆ ತೊಳೆದ ನೀರಿನ ಕೆಸರಿಗೆ ಬಿದ್ದವು. ಅನ್ನದ ಪಾತ್ರೆಯನ್ನು ಬೂಟುಗಾಲಲ್ಲಿ ಒದ್ದ. "ಇನ್ಮೇಲೆ ಒಂದು ಚಿಂದಿ ಇದ್ರ ಮುಂದೆ ಕಾಣಬಾರ್ದು. ಒಣಗಿಸ್ಬೇಕಾ, ಬಿಸಿಲಲ್ಲಿ ಒಣಗಿಸ್ಕೊಳ್ಳಿ!"

ಏಣಿ ಶೆಡ್ಡಿಗೆ ಓಡಿದಳು. ಬೆಳಿಗ್ಗೆ ಮಷೀನು ಶುರುವಾದಾಗ ಅತ್ತೆ ಒಂದೇ ಉಸಿರಿಗೆ ಏಳು ಬೈಗುಳ ಬೈದಿದ್ದಳು. ಸೊಸೆ ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಹುಟ್ಟಿದ ಮೇಲೆ ಅದೇ ಮೊದಲು. ಈಗ ಮುದುಕಿಯ ತುಟಿ ನೀಲಿಯಾಗಿತ್ತು. ಉಸಿರಿನ ಸದ್ದು ಪೆಟ್ಟಿಗೆಯ ಬೊಬ್ಬೆಯಲ್ಲಿ ಕೇಳುತ್ತಲೇ ಇರಲಿಲ್ಲ. ಪಕ್ಕೆ ಏಳುವುದನ್ನು ನೋಡಿಯೇ ಜೀವ ಇದೆಯೆಂದು ತಿಳಿಯಬೇಕಿತ್ತು.

"ನಿಲ್ತಲ್ಲೇ..." ಎಂದಳು ಅತ್ತೆ. ಮುಂದಿನ ಮಾತಿಗೆ ಗಾಳಿ ಸಾಲಲಿಲ್ಲ.

ಏಣಿ ಹೊರಗೆ ಬಂದು ಕೆಸರು ಹೀರಿದ ಹೊದಿಕೆಯನ್ನು ಎತ್ತಿಕೊಂಡಳು. ಹಿಂಡಲೂ ಇಲ್ಲ. ನೇರ ಮೊದಲ ಸಾಲಿಗೆ ಹೋಗಿ, ತಾನೇ ಬೆಳಿಗ್ಗೆ ಕನ್ನಡಿಯಂತೆ ತೊಳೆದಿದ್ದ ಹಲಗೆಯ ಮೇಲೆ ಹರಡಿದಳು.

"ಏಯ್! ಹುಚ್ಚು ಹಿಡೀತಾ?"

"ಬಿಸಿಲಲ್ಲಿ ಒಣಗಿಸಿ ಅಂದ್ರಲ್ಲ ಸಾರ್. ಇಲ್ಲೇ ಚೆನ್ನಾಗಿ ಬೀಳುತ್ತೆ."

ಒಂದು ಹಲಗೆಗೆ ನೆರಳು ಬಿದ್ದರೆ ಇಡೀ ಸಾಲು ಸೊರಗುತ್ತದೆ. ಅದನ್ನು ಹೆಂಗಸರಿಗೆ ಕಲಿಸಿದವನು ಎಂಜಿನಿಯರೇ. ಒಂದು ಎಲೆ ಉಳಿದಿದ್ದಕ್ಕೆ ಅರ್ಧ ದಿನದ ಹಾಜರಿ ಕತ್ತರಿಸಿ ಕಲಿಸಿದ್ದ. ಕಲಿತದ್ದು ವ್ಯರ್ಥವಾಗಲಿಲ್ಲ. ಜೊತೆಗೆ ಹಲಗೆ ತೊಳೆಯುವ ಕುಳ್ಳಿ ತನ್ನ ಸೀರೆ ತಂದಳು. ಒಬ್ಬ ಬಸುರಿ ಹೆಂಗಸು ಗೋಣಿಚೀಲ ತಂದಳು. ಬಟ್ಟೆ ಮುಗಿದಾಗ ಕೆಸರು ಇತ್ತು, ಬಕೆಟ್ಟು ಇತ್ತು, ತೊಳೆದು ತೊಳೆದು ಗಟ್ಟಿಯಾದ ತೋಳುಗಳಿದ್ದವು.

"ಎಲ್ಲರನ್ನೂ ಒದ್ದು ಓಡಿಸ್ತೀನಿ! ಮೇಸ್ತ್ರಿ, ಹಿಡಿಯೋ ಅವ್ಳನ್ನ!"

ಮೇಸ್ತ್ರಿ ಎರಡು ಹೆಜ್ಜೆ ಬಂದ. ಐವತ್ತು ಹೆಂಗಸರ ಕೈಯಲ್ಲಿ ಐವತ್ತು ಉದ್ದಕೋಲಿನ ಬ್ರಷ್ಷು ನೋಡಿ ನಿಂತ.

"ಹೆಚ್ಚಾಗಿದೆ ಅಂದ್ರಲ್ಲ," ಎಂದಳು ಏಣಿ. "ಕಮ್ಮಿ ಮಾಡ್ತಿದೀವಿ."

ಸಾಲಿನ ಹಿಂದೆ ಸಾಲು ಮಂಕಾಯಿತು. ಸುಡಲು ಹೆಚ್ಚಿನ ಕರೆಂಟು ಉಳಿಯದೆ ಪೆಟ್ಟಿಗೆಯ ತಂತಿಗಳ ಕೆಂಪು ಇಳಿಯಿತು. ರಾಕ್ಷಸ ಫ್ಯಾನು ನಿಧಾನವಾಗಿ ಎರಡು ಸುತ್ತು ಹಾಕಿ ನಿಂತಿತು.

ಆ ಬಯಲಿನಲ್ಲಿ ಮಧ್ಯಾಹ್ನದ ಹೊತ್ತು ಹಾಗೆ ಸದ್ದಡಗಿದ್ದನ್ನು ಯಾರೂ ಕಂಡಿರಲಿಲ್ಲ. ಎಂಜಿನಿಯರ್ ಶೆಡ್ಡಿನ ಕಡೆ ತಿರುಗಿದ. ತಗಡಿನ ಗೋಡೆಯಾಚೆಯಿಂದ ಮುದುಕಿಯ ಉಸಿರು ಕೇಳುತ್ತಿತ್ತು, ಎಳೆದು, ತಡೆದು, ಮತ್ತೆ ಎಳೆದು.

ಏಣಿ ಪ್ಲಗ್ಗಿಗಾಗಿ ಕೈ ಚಾಚಿದಳು.

"ಈಗ ಕೇಳಿಸ್ತಾ ಸಾರ್?"