ರೈಲು ಬೇಕೆಂದವರ ಬಸ್ಸು

ಬೆಳಿಗ್ಗೆ ಏಳಕ್ಕೇ ಬಂದು ದೇವದುರ್ಗದ ಬಸ್ ನಿಲ್ದಾಣದಲ್ಲಿ ಕೂತ ಬಂಡೆಮ್ಮನಿಗೆ ಎಂಟೂವರೆಯಾದರೂ ರಾಯಚೂರಿನ ಒಂದು ಬಸ್ಸೂ ಕಣ್ಣಿಗೆ ಬೀಳಲಿಲ್ಲ. ಪಕ್ಕದಲ್ಲಿ ಗಂಡ ಸಾಬಣ್ಣ ಊದಿದ ಕಾಲು ಚಾಚಿ ಕೂತಿದ್ದ. ಕುರಿ ಹಿಂದೆ ಹತ್ತಾರು ಹರದಾರಿ ನಡೆದ ಕಾಲು ಅವು. ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ಎದೆಯ ತೊಂದರೆಯೂ ಇದ್ದುದರಿಂದ ದೊಡ್ಡ ಆಸ್ಪತ್ರೆಯೇ ಆಗಬೇಕೆಂದು ಡಾಕ್ಟರು ಹೇಳಿದ್ದರು. ವಾರಕ್ಕೆರಡು ಸಲ ರಾಯಚೂರಿಗೆ ಹೋಗಿ, ನಾಲ್ಕು ತಾಸು ಮಷಿನ್ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಬರಬೇಕು.

ಹನ್ನೊಂದಕ್ಕೆ ಅವನ ಪಾಳಿ. ಅರ್ಧ ತಾಸು ತಡವಾದರೆ ಡಯಾಲಿಸಿಸ್ ವಾರ್ಡಿನ ಮುಜಾಹಿದ್ ಹೇಗೋ ಮಷಿನ್ ಹಿಡಿದಿಟ್ಟುಕೊಂಡು ಕಾಯುತ್ತಾನೆ, ಅವರು ದೂರದಿಂದ ಬರುವುದು ಅವನಿಗೆ ಗೊತ್ತು. ಹೋದ ತಿಂಗಳು ಒಂದು ಪಾಳಿ ತಪ್ಪಿದ್ದಕ್ಕೆ ಸಾಬಣ್ಣ, ಮಲಗಿದರೆ ಉಸಿರು ಸಿಗದೆ, ಎರಡು ದಿನ ಗೋಡೆಗೆ ಒರಗಿ ಕೂತೇ ಕಳೆದಿದ್ದ. ಇನ್ನೊಂದು ಸಲ ಹಾಗಾದರೆ ಜೀವಕ್ಕೆ ಕಷ್ಟ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರು.

ಬಂಡೆಮ್ಮ ವಿಚಾರಣೆ ಕಿಟಕಿಗೆ ನಾಲ್ಕನೇ ಸಲ ಹೋದಳು.

"ಬಸ್ಸೆಲ್ಲ ಸಮಾವೇಶಕ್ಕ ಹೋಗ್ಯಾವ ಯವ್ವಾ. ರಾಯಚೂರಾಗ ಇವತ್ತು ರೈಲಿನ ಸಮಾವೇಶ ಅದ," ಎಂದ ಒಳಗಿದ್ದವನು.

"ರೈಲಿನ ಸಮಾವೇಶಕ್ಕ ನಮ್ಮ ಬಸ್ ಯಾಕ? ರೈಲಿನಾಗ ಹೋಗ್ಲಿ ಅವ್ರು!"

"ನಮ್ಮೂರಿಗೆ ರೈಲು ಎಲ್ಲದ ಯವ್ವಾ? ಅದಕ್ಕ ತಾನ ಸಮಾವೇಶ."

ಅವಳು ಲಂಗ ಹಾಕುತ್ತಿದ್ದ ಕಾಲದಿಂದ ಕೇಳುತ್ತಿರುವ ರೈಲು ಅದು. ಮಾನ್ವಿ ಕಡೆಯಾದರೂ ಹಳಿಗೆಂದು ಮಣ್ಣಿನ ಏರಿ ಹಾಕಿದ್ದಾರೆ, ಅದರ ಮೇಲೆ ಸದ್ಯಕ್ಕೆ ಅವಳ ಮೈದುನನ ಕುರಿಗಳು ಓಡಾಡುತ್ತವೆ. ದೇವದುರ್ಗಕ್ಕೆ ಆ ಮಣ್ಣಿನ ಭಾಗ್ಯವೂ ಇಲ್ಲ. ಓಟು ಬಂದಾಗ ರೈಲಿನ ಮಾತು ಬರುತ್ತದೆ, ಓಟು ಹೋದಾಗ ಹೋಗುತ್ತದೆ, ಹಾಳಾದ್ದು.

ಅಷ್ಟರಲ್ಲಿ ಬ್ಯಾನರ್ ಕಟ್ಟಿದ ಬಸ್ಸೊಂದು ಬಂದು ನಿಂತಿತು. ಜನ ಕೂಡಿಸುವ ಹೊಣೆ ಹೊತ್ತಿದ್ದ ಪ್ರಭುರಾಜ ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಿದ್ದ, "ಇನ್ನ ಇಬ್ರು ಬರ್ರಿ, ಇಬ್ರೇ ಇಬ್ರು!"

"ದವಾಖಾನಿ ಮುಂದ ಇಳಿಸ್ತೀಯೇನಪಾ?"

"ಇಳಿಸ್ತೀವಿ ಹತ್ತು ಯವ್ವಾ."

ಸೀಟೂ ಸಿಕ್ಕಿತು, ಬಿಸಿ ಉಪ್ಪಿಟ್ಟಿನ ಪೊಟ್ಟಣವೂ ಸಿಕ್ಕಿತು. "ನೋಡಿದಿ? ನಾ ಇಲ್ಲಂದ್ರ ನೀ ಅಲ್ಲೇ ಕುಂತಿರ್ತಿದ್ದಿ," ಎಂದು ಗಂಡನನ್ನು ಛೇಡಿಸಿದಳು. ಅಂದು ಅವಳು ನಕ್ಕಿದ್ದು ಅದೊಂದೇ ಸಲ.

ಹತ್ತೂವರೆಗೆ ಬಸ್ಸು ರಾಯಚೂರಿನ ಹೊರಗೆ ಸಮಾವೇಶದ ಬಯಲಲ್ಲಿ ನಿಂತುಬಿಟ್ಟಿತು. ದೊಡ್ಡವರು ಬರುವ ದಾರಿಯೆಂದು ಪೊಲೀಸರು ಊರೊಳಗೆ ಹೋಗುವ ರಸ್ತೆಯನ್ನೇ ಮುಚ್ಚಿದ್ದರು. ಆಟೋ ಇಲ್ಲ, ಗಾಡಿ ಇಲ್ಲ. ಆಸ್ಪತ್ರೆಗೆ ಇನ್ನೂ ಐದಾರು ಕಿಲೋಮೀಟರ್. ಸಾಬಣ್ಣ ಬಸ್ಸಿನಿಂದ ಇಳಿದು ಹತ್ತು ಹೆಜ್ಜೆ ಇಡುವುದರಲ್ಲೇ ನೆಲ ಹಿಡಿದು ಕೂತ.

ಬಂಡೆಮ್ಮ ಪ್ರಭುರಾಜನ ಅಂಗಿ ಹಿಡಿದಳು. "ಇಳಿಸ್ತೀನಿ ಅಂದಿದ್ದಿ! ನನ್ ಗಂಡ ಸತ್ರ ನೀ ಬಂದು ಮಣ್ಣು ಮಾಡ್ತೀಯೇನು?"

"ನನ್ ಕೈಯಾಗ ಏನದ ಯವ್ವಾ? ಬಾ, ಸಾಹೇಬ್ರಿಗೇ ಹೇಳಾಮು. ಜೀಪು ಕೊಡಸ್ತಾರ."

ಸಾಬಣ್ಣನಿಗೆ ಹೆಗಲು ಕೊಟ್ಟು ನಡೆಸಿ, ವೇದಿಕೆಯ ಪಕ್ಕ ಅವರಿಬ್ಬರನ್ನು ನಿಲ್ಲಿಸಿ ಅವನು ಮುಖಂಡರ ಕಿವಿಯಲ್ಲಿ ಏನೋ ಹೇಳಿದ. ಮುಖಂಡರ ಮುಖ ಅರಳಿತು. ತಾವೇ ಇಳಿದು ಬಂದು ಸಾಬಣ್ಣನ ರಟ್ಟೆ ಹಿಡಿದು ಮೇಲೆ ಹತ್ತಿಸಿದರು. ಆಗ ಹನ್ನೊಂದು ಗಂಟೆ.

"ನೋಡಿ ಬಂಧುಗಳೇ! ಈ ತಾಯಿ ದೇವದುರ್ಗದಿಂದ ವಾರಕ್ಕೆರಡು ಸಲ ಗಂಡನ ಪ್ರಾಣ ಹಿಡಿದುಕೊಂಡು ಬಸ್ಸಿನಲ್ಲಿ ಬರ್ತಾಳೆ. ನಮಗೆ ರೈಲು ಯಾಕೆ ಬೇಕು ಅಂತ ಕೇಳೋರಿಗೆ ಇವಳೇ ಉತ್ತರ! ಮಾತಾಡು ತಾಯಿ, ರೈಲು ಬೇಕಲ್ಲ?"

ಮೈಕು ಕೈಗೆ ಬಂತು. ಬಂಡೆಮ್ಮ ಹೆದರಲಿಲ್ಲ. "ರೈಲು ಆಮ್ಯಾಲ ಕೊಡ್ರೀ. ಈಗ ಒಂದು ಆಟೋ ಬಿಡ್ರೀ. ಹನ್ನೊಂದಾತು, ಇವನ ಪಾಳಿ ಹೋಗಾಕತ್ತದ!"

ಬಯಲೆಲ್ಲ ಘೊಳ್ಳೆಂದು ನಕ್ಕಿತು, ಚಪ್ಪಾಳೆ ತಟ್ಟಿತು. "ಎಂಥ ಮುಗ್ಧ ತಾಯಿ!" ಎಂದು ಮುಖಂಡರು ಮೈಕು ಕಿತ್ತುಕೊಂಡು ಇಬ್ಬರಿಗೂ ಶಾಲು ಹೊದಿಸಿದರು. ಕುರ್ಚಿಯಲ್ಲಿ ಕೂರಿಸಿದರು. ಅವಳು ಏಳಲು ಹೋದಾಗಲೆಲ್ಲ ಹಿಂದಿನಿಂದ ಪ್ರಭುರಾಜ ಭುಜ ಒತ್ತುತ್ತಿದ್ದ. "ಭಾಷಣ ಮುಗೀಲಿ ಯವ್ವಾ, ಸಾಹೇಬ್ರ ಗಾಡಿನಾಗೇ ಕಳಸ್ತೀವಿ." ನಡೆದು ಹೋಗುವ ಶಕ್ತಿ ಗಂಡನಿಗಿಲ್ಲ, ರಸ್ತೆ ಮುಚ್ಚಿದೆ. ನಂಬದೆ ಅವಳು ತಾನೇ ಏನು ಮಾಡಬೇಕಿತ್ತು? ಸಾಬಣ್ಣ ಶಾಲಿನೊಳಗೆ ಬೆವರುತ್ತ, ಬಾಯಿ ತೆರೆದು ಉಸಿರಾಡುತ್ತಿದ್ದ. ಮುಂದೆ ಮೊಬೈಲುಗಳು ಫೋಟೊ ಹಿಡಿಯುತ್ತಿದ್ದವು.

ಹನ್ನೆರಡೂವರೆಗೆ ಭಾಷಣ ಮುಗಿಯಿತು. ಸಾಹೇಬರು ಕಾರು ಹತ್ತಿದರು, ಕಾರು ಹೋಯಿತು. ರಸ್ತೆ ತೆರೆದ ಮೇಲೆ ಬಂಡೆಮ್ಮನೇ ಬೈದಾಡಿ ಒಂದು ಆಟೋ ಹಿಡಿದಳು.

ವಾರ್ಡಿನ ಬಾಗಿಲಲ್ಲಿ ಮುಜಾಹಿದ್ ಅವರನ್ನು ಕಂಡು ಬೆಚ್ಚಿದ. ಸಾಬಣ್ಣನ ಮಂಚದಲ್ಲಿ ಬೇರೊಬ್ಬರು ಮಲಗಿದ್ದರು.

"ನೀವು ಬರಾದಿಲ್ಲ ಅಂತ ಮಾಡಿದ್ನಲ್ಲವ್ವಾ!" ಎಂದ. "ಕಾಯಾಕತ್ತಿದ್ನಿ. ಹನ್ನೊಂದೂಕಾಲಿಗೆ ಮೊಬೈಲಿನಾಗ ಸಮಾವೇಶದ ಲೈವ್ ನೋಡಿದ್ರ ನೀವಿಬ್ರೂ ಸ್ಟೇಜ್ ಮ್ಯಾಲ, ಶಾಲು ಹೊದ್ಕೊಂಡು ಕುಂತೀರಿ. ಇವತ್ತು ಸಮಾವೇಶಕ್ಕ ಹೋಗ್ಯಾರ, ಪಾಳಿ ಬಿಟ್ಟಾರ ಅಂದ್ಕೊಂಡು ಆಗ್ಲೇ ಮಷಿನ್ ಇವರಿಗೆ ಕೊಟ್ಟೆ."

"ನಾ ಮೈಕಿನಾಗ ಹೇಳಿದ್ನಲ್ಲೋ ಯಪ್ಪಾ! ಪಾಳಿ ಹೋಗಾಕತ್ತದ, ಆಟೋ ಬಿಡ್ರಿ ಅಂತ ಒದರಿದ್ನಲ್ಲೋ!"

ಮುಜಾಹಿದ್ ತಲೆ ತಗ್ಗಿಸಿದ. "ಪೇಷಂಟ್ ಮಲಗಿರ್ತಾರಂತ ಆವಾಜ್ ಬಂದ್ ಮಾಡಿದ್ನೆವ್ವಾ. ಜನ ಚಪ್ಪಾಳಿ ಹೊಡಿಯಾದು ಅಷ್ಟೇ ಕಾಣಿಸ್ತು."

ಉಳಿದ ಮಷಿನ್‌ಗಳೂ ಖಾಲಿಯಿರಲಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಬಂದರೆ ಹೇಗಾದರೂ ಮಾಡಿ ಮೊದಲು ಸಾಬಣ್ಣನನ್ನೇ ಮಷಿನ್‌ಗೆ ಹಾಕುವೆನೆಂದ. ಅಷ್ಟು ಹೊತ್ತಿಗೆ ದೇವದುರ್ಗದಿಂದ ರಾಯಚೂರು ಮುಟ್ಟುವ ಗಾಡಿ ಯಾವುದೂ ಇಲ್ಲವೆಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಂಡೆಮ್ಮ ಹೊರಗೆ ಬಂದು ವರಾಂಡದ ನೆಲಕ್ಕೆ ಆ ಶಾಲು ಹಾಸಿದಳು. ಸಾಬಣ್ಣ ಅದರ ಮೇಲೆ ಮಲಗಲು ನೋಡಿದ. ಆಗಲಿಲ್ಲ. ಎದ್ದು ಗೋಡೆಗೆ ಒರಗಿ ಕೂತ.