ಟೀವಿಯೊಳಗಿನ ಸವತಿ

ಸವತಿ ಮಣ್ಣಿನ ಗೊಂಬೆಯಾದರೂ ಒಂದೇ ಸೂರಿನಡಿ ಇರಬಾರದು ಎಂದು ಮುನಿರತ್ನಮ್ಮನ ಅಜ್ಜಿ ಹೇಳುತ್ತಿದ್ದಳು. ಟೀವಿಯೊಳಗೆ ಬರೀ ಅಕ್ಷರವಾಗಿ ಕೂತಿರುವ ಸವತಿಯ ವಿಷಯ ಆ ಮಹಾತಾಯಿಗೆ ಎಲ್ಲಿ ಗೊತ್ತಿರಬೇಕು! ಗೊತ್ತಿದ್ದರೆ ಅದಕ್ಕೂ ಒಂದು ಗಾದೆ ಕಟ್ಟಿಟ್ಟೇ ಕಣ್ಣು ಮುಚ್ಚುತ್ತಿದ್ದಳು.

ರತ್ನಮ್ಮನ ಗಂಡ ಗೋಪಾಲ್ ಹೊರಗಿನವನೇನಲ್ಲ, ಸೋದರತ್ತೆಯ ಮಗ. ಚಡ್ಡಿ ಹಾಕುವ ಕಾಲದಿಂದಲೂ ಅವಳಿಗೆ ಬಾವ. ಕಾಮಸಮುದ್ರದಲ್ಲಿ ಹೊಲ ಉಳುವ ಮನೆಯಿಂದ ಬಂದವನು ಡಿಪ್ಲೊಮಾ ಓದಿ, ಕೆ.ಜಿ.ಎಫ್.ನ ಮಣ್ಣೆತ್ತುವ ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸ ಹಿಡಿದ. ಬಂಗಾರಪೇಟೆಯ ಸ್ಟೇಷನ್ ಹಿಂದೆ ಬಾಡಿಗೆ ಮನೆ, ದಿನಾ ರೈಲಿನಲ್ಲಿ ಹೋಗಿಬರುವುದು. ಎಲ್ಲಾ ಸುಖವಾಗೇ ಇತ್ತು. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ವರ್ಗವಾಗಿ ಹೊರಟ ಆಫೀಸರೊಬ್ಬರು ತಮ್ಮ ಹಳೇ ಕಂಪ್ಯೂಟರನ್ನು ಇವನ ಕೈಗೆ ಕೊಟ್ಟು ಹೋದರು ನೋಡಿ, ಅಲ್ಲಿಗೆ ಶನಿ ಒಳಗೆ ಬಂತು.

ಕಂಪ್ಯೂಟರು ಅಂದರೆ ಏನು, ಟೈಪ್‌ರೈಟರಿನ ಕೀಲಿಗಳಷ್ಟೇ ಇರುವ ಒಂದು ಕರಿ ಹಲಗೆ. ಅದನ್ನು ಟೀವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ಅದು ಕೀರಲು ದನಿಯಲ್ಲಿ ಕಿರುಚಿ ಕಿರುಚಿ ಕೊನೆಗೆ ಪರದೆಯ ಮೇಲೆ ಅಕ್ಷರ ಮೂಡುತ್ತಿತ್ತು. ಗೋಪಾಲ್ ಅದರಲ್ಲಿ ಒಂದು ಆಟ ಬರೆದ. ಗುಂಡು ಹಾರಿಸುವ ಆಟ ಅಲ್ಲ, ಕತೆಯ ಆಟ. ಆಡುವವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಬೇಕು, ಕತೆ ಮುಂದಕ್ಕೆ ಹೋಗಬೇಕು. ಕಾರ್ಖಾನೆಯ ಕ್ಲಬ್ಬಿನಲ್ಲಿ ರಾಜ್ಯೋತ್ಸವದ ದಿನ ಅದನ್ನು ಎಲ್ಲರಿಗೂ ತೋರಿಸುವುದೆಂದು ಮಾತೂ ಆಗಿತ್ತು.

"ಸಿನಿಮಾದಾಗೆ ಅವರು ತೋರಿಸಿದ್ದನ್ನ ನಾವು ನೋಡ್ಬೇಕು. ಇದು ಅಂಗಲ್ಲ ರತ್ನೀ," ಎಂದು ಅವಳನ್ನು ಕುರ್ಚಿ ಎಳೆದು ಕೂರಿಸಿದ. "ಇದ್ರಾಗೆ ಆಡೋರೇ ರಾಜ. ನೀನು ಎಂಗೆ ಬರೀತೀಯೋ ಕತೆ ಅಂಗೇ ಓಗ್ತದೆ. ಎಲ್ಲಾ ನಿನ್ನಿಷ್ಟ."

ರತ್ನಮ್ಮ ಎಸ್ಸೆಲ್ಸಿ ತನಕ ಓದಿದವಳು, ಅಕ್ಷರಕ್ಕೆ ಹೆದರುವವಳಲ್ಲ. 'ನೀವು ನಿಲ್ದಾಣದಲ್ಲಿ ಇಳಿದಿದ್ದೀರಿ. ಎದುರಿಗೆ ಗಣಿ, ಎಡಕ್ಕೆ ಊರು' ಎಂದು ಪರದೆ ಹೇಳಿತು. ಅವಳು 'ಊರಿಗೆ ಓಗು' ಎಂದು ಒತ್ತಿದಳು. 'ಅರ್ಥವಾಗಲಿಲ್ಲ' ಎಂದಿತು. ಮತ್ತೆ ಒತ್ತಿದಳು. ಮತ್ತೆ ಅರ್ಥವಾಗಲಿಲ್ಲವಂತೆ!

ಗೋಪಾಲ್ ನಕ್ಕ. "ಎಚ್ ಆಕ್ಬೇಕು ಕಣೆ. ಹೋಗು."

"ಅಯ್ಯೋ ನಿನ್ನ! ದಿನಾ 'ರೈಲಿಗೆ ಓಗ್ಬತ್ತೀನಿ' ಅಂತ ಓಗೋನು ನೀನು. ಅದ್ರೊಳಗೆ ಮಾತ್ರ ಪಂಡಿತ ಆಗ್ಬಿಟ್ಯಾ?"

"ಬರೆಯೋದು ಬೇರೆ, ಮಾತಾಡೋದು ಬೇರೆ."

ಸರಿ, ಎಚ್ ಹಾಕಿದಳು. ಊರು ಬಂತು, ಒಂದು ಮನೆ ಬಂತು. ಬಾಗಿಲು ತಟ್ಟಿದಳು. 'ಹೇಮಾ ಬಾಗಿಲು ತೆರೆದಳು. ಮುಡಿಯಲ್ಲಿ ಕನಕಾಂಬರ. ಬನ್ನಿ, ಕುಳಿತುಕೊಳ್ಳಿ, ದಣಿದಿದ್ದೀರಿ ಎಂದಳು.'

ರತ್ನಮ್ಮ ತಿರುಗಿ ಗಂಡನ ಮುಖ ನೋಡಿದಳು. ಅವನು ಟೀವಿ ನೋಡಿ ನಗುತ್ತಿದ್ದ. ಸದ್ದಿಲ್ಲದ, ತುಟಿಯಂಚಿನ ನಗು. ಅಂಥ ನಗು ತನ್ನ ಕಡೆ ತಿರುಗಿ ಎಷ್ಟು ಕಾಲವಾಯಿತೆಂದು ಅವಳಿಗೆ ನೆನಪೇ ಬರಲಿಲ್ಲ. 

"ಯಾರಿವಳು?"

"ಕತೆಯೋಳು. ಹೇಮಾ ಅಂತ."

ಆ 'ಹ' ಎಷ್ಟು ಚೊಕ್ಕವಾಗಿ ಬಂತು ಗೊತ್ತೇ? ಪಕ್ಕದ ಮನೆಯ ಹೇಮಾವತಮ್ಮನನ್ನು 'ಏಮಾವತಮ್ಮ' ಎನ್ನುವ ಬಾಯಿ ಅದು! ಇವಳ ಹೆಸರು ಬಂದರೆ ಮಾತ್ರ ನಾಲಗೆ ಸ್ನಾನ ಮಾಡಿ ಮಡಿಯುಟ್ಟು ಬರುತ್ತದೆ. ಸುಮ್ಮಸುಮ್ಮನೆ ಹಿಂಗಾಗುತ್ತದಾ?

ಅಲ್ಲಿಂದ ಶುರುವಾಯಿತು. ಗಂಡ ರೈಲು ಹತ್ತಿದನೋ ಇಲ್ಲವೋ, ರತ್ನಮ್ಮ ಮುದ್ದೆಯ ಮಡಕೆಗೆ ನೀರು ಹಾಕಿಟ್ಟು ಕ್ಯಾಸೆಟ್ ಹಾಕುತ್ತಿದ್ದಳು. ಆ ಹೇಮಾಳ ಮನೆಗೆ ಹೋಗದೆ ಆಟ ಮುಗಿಸಬೇಕೆಂದು ಅವಳ ಹಟ. ಗಣಿಗೆ ಇಳಿದಳು. ಸುರಂಗ ಸುತ್ತಿ ಸುತ್ತಿ ಹೇಮಾಳ ಹಿತ್ತಿಲಿಗೆ ಬಂದು ಬಾಯಿ ಬಿಟ್ಟಿತು. ರೈಲು ಹತ್ತಿ ಊರೇ ಬಿಟ್ಟಳು. ಮುಂದಿನ ನಿಲ್ದಾಣದಲ್ಲಿ ಇಳಿದರೆ ಅಲ್ಲಿ ಹೇಮಾ ನಿಂತಿದ್ದಳು, ಕನಕಾಂಬರ ಸಮೇತ. ನಿಲ್ದಾಣದಲ್ಲೇ ಮಲಗಿದರೂ ಬಿಡಲಿಲ್ಲ, ಹೇಮಾಳೇ ಬಂದು ಎಬ್ಬಿಸಿದಳು. ಎಲ್ಲಾ ನಿನ್ನಿಷ್ಟ ಎಂದವನು ಊರಿನ ದಾರಿಯನ್ನೆಲ್ಲಾ ಅವಳ ಹೊಸಲಿಗೇ ತಿರುಗಿಸಿಟ್ಟಿದ್ದ. ಒಬ್ಬ ಗಂಡಸಿನ ಮನಸ್ಸು ಎಲ್ಲಿ ಸುತ್ತುತ್ತಿದೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಒಂದು ದಿನ ತಡೆಯಲಾರದೆ 'ಹೇಮಾಳನ್ನು ಬಾವಿಗೆ ತಳ್ಳು' ಎಂದು ಒತ್ತಿಯೇಬಿಟ್ಟಳು. ಪರದೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ, 'ಹೇಮಾ ನಸುನಕ್ಕು, ನಿಮ್ಮಿಷ್ಟದಂತೆಯೇ ಆಗಲಿ ಎಂದಳು.' ಬಾವಿಗೂ ಬೀಳಲಿಲ್ಲ, ಜಾಗವನ್ನೂ ಬಿಡಲಿಲ್ಲ. ಬೈದಳು. 'ಹೇಮಾ ನಸುನಕ್ಕು, ನಿಮ್ಮಿಷ್ಟದಂತೆಯೇ ಆಗಲಿ ಎಂದಳು.' ಪೊರಕೆಯಲ್ಲಿ ಬಾರಿಸಿದಳು. ಅದೇ ನಗು, ಅದೇ ಮಾತು. ಎದುರು ಮಾತಾಡುವವಳ ಜೊತೆ ಜಗಳ ಆಡಬಹುದು, ನಗುವವಳ ಜೊತೆ ಹೇಗೆ ಆಡುವುದು? ರತ್ನಮ್ಮ ಹೊಟ್ಟೆಕಿಚ್ಚಿಗೆ ಕೂತಲ್ಲೇ ಅತ್ತಳು. ಒಲೆಯ ಮೇಲಿದ್ದ ಹುರುಳಿ ಸಾರು ತಳ ಹಿಡಿದು ವಾಸನೆ ಬಂದ ಮೇಲೇ ಎದ್ದಿದ್ದು.

ಭಾನುವಾರ ಊಟಕ್ಕೆಂದು ಸೀನಪ್ಪ ಬಂದ. ಆಂಡರ್ಸನ್‌ಪೇಟೆಯವನು, ಗೋಪಾಲನ ಜೊತೆಯೇ ಕೆಲಸ, ಬಾಯಿಗೆ ಬಾಗಿಲಿಲ್ಲದ ಮನುಷ್ಯ. ಗಂಡ ಕೈ ತೊಳೆಯಲು ಹೋದಾಗ ರತ್ನಮ್ಮ ಮೆಲ್ಲಗೆ ಕೆದಕಿದಳು.

"ನಿಮ್ಮ ಆಫೀಸ್ನಾಗೆ ಮೈಸೂರಿನ ಟೈಪಿಸ್ಟ್ ಒಬ್ರು ಅವ್ರಂತಲ್ಲ ಸೀನಣ್ಣ, ಎಸ್ರೇನು?"

"ಪದ್ಮಜಾ ಮೇಡಮ್ಮಾ? ಅಬ್ಬಬ್ಬಾ, ಅವ್ರ ಕನ್ನಡ ಕೇಳ್ಬೇಕು ಅಕ್ಕ! ಕಲ್ಕಂಡು, ಕಲ್ಕಂಡು!" ಎಂದು ಸೀನಪ್ಪ ತಮಿಳಿನಲ್ಲಿ ಕಲ್ಲುಸಕ್ಕರೆ ಚಪ್ಪರಿಸಿದ. "ನಮ್ಮ ಗೋಪಾಲ ಅಂತೂ ಅವ್ರ ಟೇಬಲ್ ಮುಂದೆ ನಿಂತ್ರೆ ಬಾಯ್ ಬಿಟ್ಕೊಂಡು ಕೇಳ್ತಾನೆ."

ಕೇಳ್ತಾನಾ? ಕೇಳಲಿ, ಕೇಳಲಿ. ಪದ್ಮಜಾ ಅನ್ನುವವಳನ್ನು ಹೇಮಾ ಅಂತ ಬರೆಯೋಕೆ ಎಷ್ಟು ಹೊತ್ತು? ರತ್ನಮ್ಮ ಸೀನಪ್ಪನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು, ಗಂಡನ ತಟ್ಟೆಗೆ ಹಾಕಲಿಲ್ಲ.

ರಾಜ್ಯೋತ್ಸವದ ಹಿಂದಿನ ಸಂಜೆ ಗೋಪಾಲ್ ಕ್ಯಾಸೆಟ್ಟು, ವೈರು ಎಲ್ಲಾ ಚೀಲಕ್ಕೆ ತುಂಬುತ್ತಿದ್ದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬಾವ, ನಾಳೆ ಅದು ಊರೆಲ್ಲಾ ನೋಡೋಕೆ ಮುಂಚೆ ಅವಳನ್ನ ಅದ್ರಿಂದ ತೆಗಿ. ಇಲ್ಲಾಂದ್ರೆ ಬೆಳಗ್ಗೆ ಬಸ್ಸಿಗೆ ನಾನು ಕಾಮಸಮುದ್ರಕ್ಕೆ ಓಗ್ತೀನಿ. ಆಮೇಲೆ ನೀನುಂಟು, ಆ ಟೈಪಿಸ್ಟ್ ಉಂಟು."

"ಯಾವ ಟೈಪಿಸ್ಟು?"

"ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ಟಿ ನೋಡ್ಕೊಬೇಡ. ಆ ಮೈಸೂರೋಳು! 'ಬನ್ನಿ, ಕುಳಿತುಕೊಳ್ಳಿ'!"

ಗೋಪಾಲ್ ಮೊದಲು ಕಣ್ಣು ಬಿಟ್ಟ. ಆಮೇಲೆ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪೆದ್ದೀ! ಅವಳು ನೀನೇ ಕಣೆ. ಕನಕಾಂಬರ ಯಾರು ಮುಡೀತಾರೆ? ನಾನು ಸುಸ್ತಾಗಿ ಬಂದ್ರೆ ಬಾಗಿಲು ತೆಗೆಯೋಳು ಯಾರು? ರತ್ನ ಅಂತ ಇಟ್ರೆ ಎಲ್ರೂ ಆಡ್ಕೊಂತಾರೆ ಅಂತ ಹೇಮಾ ಅಂತ ಇಟ್ಟೆ. ನಿನಗೇಂತಲೇ ಬರೆದಿದ್ದು."

ಇನ್ನು ಹೆಂಡತಿ ನಾಚಿ ನೀರಾಗುತ್ತಾಳೆ ಎಂದು ಅವನು ಕಾದ. ಅವಳಿಗೂ ಹಾಗೇ ಆಗಬೇಕಿತ್ತೋ ಏನೋ. ಆಗಲಿಲ್ಲ.

"ನಾನು ಯಾವತ್ತು ಬಾವ, ನಿನಗೆ 'ಕುಳಿತುಕೊಳ್ಳಿ' ಅಂದಿವ್ನಿ?"

"ಅದು… ಒಸಿ ತಿದ್ದಿದೀನಿ ಅಷ್ಟೆ."

"ಬಾವಿಗೆ ತಳ್ಳಿದ್ರೂ ನಕ್ಕೊಂಡು ನಿಮ್ಮಿಷ್ಟ ಅಂತಾಳೆ. ಅದೂ ನಾನೇನಾ?"

"ಬಾವಿಗಾ? ಬಾವಿಗೆ ಯಾಕೆ ತಳ್ದೆ? ಅಲ್ಲ ಕಣೆ, ಅವಳ ಅತ್ರ ಯಾರು ಏನಂದ್ರೂ ಅದೇ ಉತ್ತರ ಬರೋ ಅಂಗೆ ಇಟ್ಟಿದೀನಿ. ಒಳ್ಳೇ ಎಂಗಸು ಅಲ್ವಾ."

ಪದ್ಮಜಾ ಆಗಿದ್ದರೆ ಎಷ್ಟೋ ವಾಸಿಯಾಗಿತ್ತು. ರೈಲು ಹತ್ತಿ ಹೋಗಿ ಜುಟ್ಟು ಹಿಡಿದು ಎರಡು ಬಾರಿಸಿ ಬರಬಹುದಿತ್ತು. ತನ್ನನ್ನೇ ತೊಳೆದು, ತಿದ್ದಿ, ಹಕಾರ ಹಚ್ಚಿ, ಬಾಯಿಗೆ ಒಂದೇ ಮಾತಿಟ್ಟು ಅವನು ಮಾಡಿಕೊಂಡ ಹೆಣ್ಣಿನ ಜುಟ್ಟು ಎಲ್ಲಿದೆ, ಹಿಡಿಯೋಕೆ? ಅವನು ನಕ್ಕಿದ್ದು ಅವಳನ್ನು ನೋಡಿ, ತನ್ನನ್ನಲ್ಲ. ರತ್ನಮ್ಮನ ಹೊಟ್ಟೆಯಲ್ಲಿ ಆರಬೇಕಿದ್ದ ಬೆಂಕಿ ಇನ್ನೊಂದು ಕಡೆಯಿಂದ ಹತ್ತಿಕೊಂಡಿತು.

"ಊರಿಗೆ ಓಗಲ್ಲ," ಎಂದಳು. "ನಾಳೆ ಕ್ಲಬ್ಬಿಗೆ ನಾನೂ ಬತ್ತೀನಿ. ಆ ಒಳ್ಳೇ ಎಂಗಸು ನಾಕು ಜನದ ಮುಂದೆ ಎಂಗೆ ನಡ್ಕೊಂತಾಳೋ ನೋಡಾನ."

ಕ್ಲಬ್ಬಿನ ಹಾಲ್‌ನಲ್ಲಿ ಜನ ತುಂಬಿದ್ದರು. ಗೋಪಾಲ್ ಇಸ್ತ್ರಿ ಶರಟು ಹಾಕಿ, ಆಡುವವನೇ ರಾಜ, ಕತೆ ನಿಮ್ಮಿಷ್ಟ ಎಂದೆಲ್ಲಾ ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು. ಮೊದಲು ಕೂತ ಸೀನಪ್ಪನೂ 'ಓಗು' ಎಂದೇ ಒತ್ತಿದ. "ಎಚ್ಚು, ಎಚ್ಚು," ಎಂದು ಗೋಪಾಲ್ ಕೂಗಬೇಕಾಯಿತು. ಎಚ್ ಸಿಕ್ಕ ಮೇಲೆ ಕತೆ ಸರಾಗವಾಗಿ ಹೇಮಾಳ ಮನೆ ಮುಟ್ಟಿತು.

ಸೀನಪ್ಪ ಒಂದು ಗಳಿಗೆ ಯೋಚಿಸಿ, 'ನನ್ನ ಜೊತೆ ಪಿಚ್ಚರಿಗೆ ಬಾ' ಎಂದು ಒತ್ತಿದ.

'ಹೇಮಾ ನಸುನಕ್ಕು, ನಿಮ್ಮಿಷ್ಟದಂತೆಯೇ ಆಗಲಿ ಎಂದಳು.'

ಹಾಲಿಗೆ ಹಾಲೇ ಹೋ ಎಂದಿತು. ಇನ್ನು ಬಿಡುತ್ತಾರಾ? "ನಂಗೆ ಕೊಡ್ಲಾ," "ನಂಗೆ ಕೊಡಪ್ಪಾ," ಎಂದು ಗಂಡಸರೆಲ್ಲಾ ಮೇಲೆ ಬಿದ್ದರು. ಫೋರ್‌ಮನ್ ಕದಿರಪ್ಪನವರು, ಮೊಮ್ಮಕ್ಕಳನ್ನು ಕಂಡವರು, ದಪ್ಪ ಮೀಸೆಯ ಮರ್ಯಾದಸ್ಥರು, ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಹುಡುಕಿ 'ಮುತ್ತು ಕೊಡು' ಎಂದು ಒತ್ತಿದರು. ಹೇಮಾ ನಸುನಕ್ಕಳು. ನಿಮ್ಮಿಷ್ಟದಂತೆಯೇ ಆಗಲಿ ಎಂದಳು. ಶಿಳ್ಳೆ ಬಿತ್ತು. ಇನ್ನೊಬ್ಬ 'ಇವತ್ತು ಇಲ್ಲೇ ಮಲಗ್ತೀನಿ' ಎಂದ. ಅವನಿಗೂ ನಕ್ಕಳು.

ಹೆಂಗಸರ ಸಾಲಿನಲ್ಲಿ ಕೂತಿದ್ದ ರತ್ನಮ್ಮನಿಗೆ ಮೈ ಕಾದು ಹೋಗಿತ್ತು. ಹೇಮಾ ಅಂದರೆ ತಾನೇ ಎಂದು ಯಾರಿಗೂ ಗೊತ್ತಿಲ್ಲ, ನಿಜ. ಆದರೂ ಸೆರಗು ಎಳೆದು ಹೊದ್ದುಕೊಂಡಳು. ಆಗ ಗಂಡನ ಕಡೆ ನೋಡಿದಳು. ಗೋಪಾಲ್ ಗೋಡೆಗೆ ಒರಗಿ ನಿಂತಿದ್ದ. ತುಟಿ ಕಚ್ಚಿದ್ದ, ಕಣ್ಣು ಕದಿರಪ್ಪನವರ ಕುತ್ತಿಗೆಯ ಮೇಲೆ ನೆಟ್ಟಿತ್ತು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಕನ್ನಡಿಯಲ್ಲಿ ಅವಳು ನೋಡಿಕೊಂಡಿದ್ದು ಅದೇ ಮುಖವನ್ನು.

"ಸಾಕು ಏಳ್ರೀ!" ಎಂದು ಗೋಪಾಲ್ ಕೂಗಿ ಪ್ಲಗ್ಗು ಕಿತ್ತ. ಟೀವಿ ಕಪ್ಪಾಯಿತು.

"ಎನ್ನಾಪ್ಪಾ ಗೋಪಾಲಾ? ನೀನೇ ತಾನೆ ನಮ್ಮಿಷ್ಟ ಅಂದಿದ್ದು?" ಎಂದ ಸೀನಪ್ಪ.

"ಅವಳು ಅಂಥೋಳಲ್ಲ ಕಣ್ಲಾ!" ಗೋಪಾಲನ ದನಿ ಒಡೆದಿತ್ತು. ಜನಕ್ಕೆ ಅದೂ ತಮಾಷೆಯಾಯಿತು. ಕತೆ ಬರೆದವನಿಗೇ ಕತೆಯವಳ ಮೇಲೆ ಮನಸ್ಸಾಗಿದೆ ಎಂದು ನಕ್ಕರು.

ಸಂಜೆಯ ರೈಲಿನಲ್ಲಿ ಅಷ್ಟು ಜನವಿರಲಿಲ್ಲ. ಚಾಂಪಿಯನ್ ಸ್ಟೇಷನ್ ದಾಟಿತು, ಊರಿಗಾಂ ದಾಟಿತು. ಗೋಪಾಲ್ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬ ನೋಡುತ್ತಾ ಕೂತಿದ್ದ. ಕೋರಮಂಡಲ್ ಆದ ಮೇಲೆ, "ಅವಳನ್ನ ತೆಗೆದೇಬಿಡ್ತೀನಿ ರತ್ನೀ," ಎಂದ.

ಇದನ್ನು ಕೇಳಬೇಕೆಂದೇ ಅವಳು ಬಾಗಿಲಿಗೆ ಅಡ್ಡ ನಿಂತದ್ದು. ಈಗ ಕಿವಿಗೆ ಬಿದ್ದಾಗ ಬೇಡವೆನಿಸಿತು.

"ತೆಗೀಬೇಡ. ಆ ಮುಟ್ಟಾಳರ ಮುಂದೆ ಬಾಯಿಲ್ಲದೆ ನಿಲ್ಲಿಸಿ ಈಗ ಓಡಿಸ್ತೀಯಾ? ಅವಳ ಬಾಯಿಗೆ 'ಆಗಲ್ಲ' ಅನ್ನೋ ಮಾತು ಕೊಡು."

ಗೋಪಾಲ್ ಯೋಚಿಸಿದ. ಪಾಪ, ಪ್ರಾಮಾಣಿಕವಾಗಿಯೇ ಯೋಚಿಸಿದ. "ಕೊಡ್ತೀನಿ. ಆದ್ರೆ ನೀನು ಎಂಗೆ ಅಂತೀಯ ಅಂತ ಗೊತ್ತಿದ್ರೆ ತಾನೆ ಬರೆಯೋದು? ಮದ್ವೆ ಆದಾಗ್ನಿಂದ ನೀನು ನನಗೆ 'ಆಗಲ್ಲ' ಅಂದಿದ್ದೇ ಇಲ್ವಲ್ಲ."

ರತ್ನಮ್ಮ ಅವನನ್ನು ದಿಟ್ಟಿಸಿ ನೋಡಿದಳು. ಇವನು ಸುಳ್ಳು ಹೇಳುತ್ತಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಬಂಗಾರಪೇಟೆಗೆ ಬರೋವಾಗ ನಮ್ಮ ಗೌರಿ ಅಸೂನ ಬಿಟ್ಟು ಬರಾಕಾಗಲ್ಲ ಅಂದೆ. ಮನ್ಯಾಗೆ ಅಂದೆ, ಅಂಗಳದಾಗೆ ಅಂದೆ. ಸಾಮಾನು ಏರಿಸಿದ ಟೆಂಪೋ ಇಂದೆ ಕೆರೆ ಏರಿ ತನಕ ಅದೇ ಅಂದ್ಕೊಂಡು ನಡ್ಕೊಂಡು ಬಂದೆ."

"ನೀನು ಅಳ್ತಿದ್ದೆ," ಎಂದ ಗೋಪಾಲ್. "ಊರು ಬಿಡೋವಾಗ ಎಲ್ರೂ ಅಳ್ತಾರಲ್ಲ ಅಂತ…"

ರೈಲು ಬಂಗಾರಪೇಟೆಗೆ ಬಂತು. ಇದ್ದ ನಾಲ್ಕು ಜನ ಇಳಿದರು. ಅವನು ಮಾತ್ರ ಏಳಲಿಲ್ಲ. ತಲೆ ತಗ್ಗಿಸಿಕೊಂಡು, "ಇನ್ನೇನೇನು ಅಂದಿದ್ದೆ?" ಎಂದು ಕೇಳಿದ.

ರತ್ನಮ್ಮ ಅವನ ತೊಡೆಯ ಮೇಲಿದ್ದ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಇಳಿ ಬಾವ, ಏಳ್ತೀನಿ ಕೇಳು. ನಡುವೆ ಬಾಯಿ ಆಕ್ಬೇಡ."